ಭಾವನ ಕಾರಂಜಿ

ನಮ್ಮ ಭಾವ ಯಾರ ಮನೆಗೆ ಹೋದರೂ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಅಡುಗೆಮನೆಯ ನಲ್ಲಿಯನ್ನು. ಅದು ತೊಟ್ಟಿಕ್ಕುತ್ತಿದ್ದರೆ ಮುಗಿಯಿತು. ಕೂತಲ್ಲಿ ಕೂರಲಾರರು. ಮಾತಿಗೆ ಹೂಂಗುಟ್ಟುತ್ತಾರೆ, ನಗುವಲ್ಲಿ ನಗುತ್ತಾರೆ, ಆದರೆ ಕಿವಿಯೆಲ್ಲ ಆ ಕಡೆಗೇ. ಕೊನೆಗೆ "ಒಂದು ನಿಮಿಷ" ಎಂದು ಎದ್ದರೆಂದರೆ ವಾಷರ್ ಬದಲಾಯಿಸಿಯೇ ಈಚೆ ಬರುವುದು. ಜೇಬಿನಲ್ಲಿ ವಾಷರ್ ಇಟ್ಟುಕೊಂಡು ನೆಂಟರ ಮನೆಗೆ ಹೋಗುವ ಮನುಷ್ಯ ಈ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು.

ಅವರು ನನ್ನ ಅಕ್ಕನ ಗಂಡ, ನಾನು ಅವರ ನಾದಿನಿ. ಕಸುಬಿನಲ್ಲಿ ಪ್ಲಂಬರ್. ಅವರ ಮನೆಯಿಂದ ಎರಡು ಬೀದಿ ಆಚೆ ನನ್ನ ಟೈಲರ್ ಅಂಗಡಿ. ನನ್ನ ಕಸುಬನ್ನೂ ನನ್ನ ನಾಲಿಗೆಯನ್ನೂ ಒಟ್ಟಿಗೆ ಸೇರಿಸಿ ಅವರು ನನಗಿಟ್ಟ ಹೆಸರು 'ಕತ್ತರಿ'. ನಾನು ಅವರನ್ನು ಸುಮ್ಮನೆ ಬಿಟ್ಟಿದ್ದೇನೆ ಎಂದೇನೂ ತಿಳಿಯಬೇಡಿ. ಮೂವತ್ತೊಂದು ವರ್ಷದಿಂದ ಸಿಕ್ಕಾಗಲೆಲ್ಲ ಕಾಲೆಳೆಯುತ್ತಲೇ ಬಂದಿದ್ದೇನೆ. ಬೇಜಾರು ಮಾಡಿಕೊಳ್ಳುವ ಜಾತಿಯ ಮನುಷ್ಯ ಅಲ್ಲ. ಅದೇ ಅವರ ದೊಡ್ಡ ಗುಣ, ನನಗಾದ ದೊಡ್ಡ ಅನುಕೂಲ.

ಆದರೆ ಒಂದು ವಿಷಯದಲ್ಲಿ ನನಗೆ ಅವರನ್ನು ಕಂಡರೆ ಪಾಪ ಅನ್ನಿಸುತ್ತಿತ್ತು. ನಾನು ಹೊಲಿದ ಬಟ್ಟೆ ಬೀದಿಯಲ್ಲಿ ಓಡಾಡುತ್ತದೆ, ಮದುವೆ ಫೋಟೋಗಳಲ್ಲಿ ನಿಲ್ಲುತ್ತದೆ. ಯಾರಾದರೂ "ಎಲ್ಲಿ ಹೊಲಿಸಿದ್ರಿ?" ಎಂದು ಕೇಳುತ್ತಾರೆ. ಭಾವನ ಕೆಲಸ ಗೋಡೆಯ ಒಳಗೆ, ನೆಲದ ಅಡಿಯಲ್ಲಿ. ಸರಿಯಾಗಿ ಮಾಡಿದರೆ ಮೇಲೆ ಸಿಮೆಂಟ್ ಬಳಿದು ಟೈಲ್ಸ್ ಹಾಕಿಬಿಡುತ್ತಾರೆ, ಆಮೇಲೆ ಅದು ಅಲ್ಲಿದೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ. ಕೆಟ್ಟಾಗ ಮಾತ್ರ ಇಡೀ ಮನೆಗೆ ನೆನಪಾಗುತ್ತದೆ. ಹೊಗಳಿಕೆಯೇ ಇಲ್ಲದ ಕಸುಬು ಅದು.

ಭಾವನಿಗೆ ಒಂದು ನಿಯಮವಿದೆ. ಎಲ್ಲಿಂದ ಹೊರಡುವುದಿದ್ದರೂ ಮೇನ್ ವಾಲ್ವ್ ಬಂದ್ ಮಾಡಿಯೇ ಹೊರಡಬೇಕು. ಕೆಲಸ ಮಾಡಿದ ಮನೆಯಿಂದಾಗಲಿ, ಸ್ವಂತ ಮನೆಯಿಂದಾಗಲಿ. "ನೀರು ನಾವು ನೋಡ್ತಾ ಇರೋವಾಗ ಸಾಧು, ಬೆನ್ನು ತಿರುಗಿಸಿದ್ರೆ ಕಳ್ಳ" ಎಂಬುದು ಅವರ ಮಾತು. ಕೆಲಸ ಕಲಿಯುವ ಕಾಲದಲ್ಲಿ ಒಮ್ಮೆ ಮರೆತು ಬಂದಿದ್ದರಂತೆ. ಆ ಮನೆಯ ಮಂಚಗಳೆಲ್ಲ ಬೆಳಗಿನ ಹೊತ್ತಿಗೆ ಜಾಗ ಬದಲಾಯಿಸಿದ್ದವಂತೆ. ಅಂದಿನಿಂದ ಅವರ ಬಲಗೈಗೆ ತನ್ನದೇ ಆದ ಬುದ್ಧಿ ಬಂದುಬಿಟ್ಟಿದೆ. ತಲೆಗೆ ಕೇಳದೆ, ಬಾಯಿಗೆ ಹೇಳದೆ, ಹೊರಡುವ ಹೊತ್ತಿಗೆ ಕೈ ತಾನಾಗಿಯೇ ಹೋಗಿ ವಾಲ್ವ್ ತಿರುಗಿಸಿರುತ್ತದೆ.

ಇದರಿಂದ ನನಗಾದ ಅವಾಂತರವನ್ನು ಹೇಳದಿದ್ದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ. ನನ್ನ ಮದುವೆಯ ಬೆಳಿಗ್ಗೆ ಎಲ್ಲರೂ ಸಡಗರದಲ್ಲಿ ಹೊರಟಿದ್ದೆವು. ಕೊನೆಯಲ್ಲಿ ಹೊರಟವರು ಭಾವ. ವಾಲ್ವ್ ಬಂದ್ ಮಾಡಿದರು, ಬೀಗ ಹಾಕಿದರು, ಛತ್ರಕ್ಕೆ ಬಂದರು. ಅರ್ಧ ಗಂಟೆಯ ಮೇಲೆ ನೋಡಿದರೆ ಸೋದರಮಾವ ಎಲ್ಲೂ ಇಲ್ಲ. ಅವರು ಬೀಗ ಹಾಕಿದ ಮನೆಯ ಬಚ್ಚಲಲ್ಲಿ ಮೈತುಂಬ ಸೋಪು ಹಚ್ಚಿಕೊಂಡು, ನಲ್ಲಿ ಹಿಡಿದುಕೊಂಡು ಕೂಗುತ್ತಿದ್ದರು. ನನ್ನ ಮದುವೆ ಫೋಟೋಗಳಲ್ಲಿ ಇವತ್ತಿಗೂ ಮಾವನ ಕಿವಿಯ ಹಿಂದೆ ನೊರೆ ಕಾಣುತ್ತದೆ.

ಹೀಗೆ ನಗಿಸುವ ಮನುಷ್ಯನ ಮನಸ್ಸಿನಲ್ಲಿ ಒಂದು ಮುಳ್ಳು ಇತ್ತು. ಅದು ನನಗೆ ಗೊತ್ತಾದದ್ದು ತುಂಬ ತಡವಾಗಿ.

ಅಕ್ಕನ ಮದುವೆಯ ಮಾತುಕತೆಯಲ್ಲಿ ಯಾರೋ ಪುಣ್ಯಾತ್ಮರು ಹುಡುಗ 'ನೀರಿನ ಇಂಜಿನಿಯರಿಂಗ್' ಕೆಲಸದಲ್ಲಿದ್ದಾನೆ ಎಂದು ಹೇಳಿಬಿಟ್ಟಿದ್ದರು. ಮದುವೆಯಾದ ಎರಡನೇ ವಾರ ಭಾವ ಊಟದ ಡಬ್ಬಿ ಮರೆತು ಹೋದರು. ಹೊಸ ಹೆಂಡತಿ ಪ್ರೀತಿಯಿಂದ ಡಬ್ಬಿ ಹಿಡಿದುಕೊಂಡು, ಕೇಳಿಕೊಂಡು ಕೇಳಿಕೊಂಡು ಅವರು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಹೋದಳು. ಅಲ್ಲಿ ಕಟ್ಟಿಕೊಂಡ ಮೋರಿಯೊಳಗೆ ತೊಡೆಯ ತನಕ ಮುಳುಗಿ ನಿಂತಿದ್ದರು ನೀರಿನ ಇಂಜಿನಿಯರ್. ತಲೆಯೆತ್ತಿ ನೋಡಿದರು. ಅಕ್ಕ ಡಬ್ಬಿಯನ್ನು ಕಲ್ಲಿನ ಮೇಲಿಟ್ಟು, ಒಂದು ಮಾತೂ ಆಡದೆ ತಿರುಗಿ ಬಂದಳು. ಆಮೇಲೆ ಮನೆಯಲ್ಲಿ ಆ ವಿಷಯ ಇಬ್ಬರೂ ಎತ್ತಲಿಲ್ಲ. ಅಂದಿನಿಂದ ಭಾವ ಹಿತ್ತಲ ಬಾಗಿಲಲ್ಲಿ ಕೈಕಾಲು ತಿಕ್ಕಿ ತೊಳೆದು, ಬಟ್ಟೆ ಬದಲಾಯಿಸಿಯೇ ಒಳಗೆ ಬರುವುದು. ಅಂದಿನಿಂದ ಅಕ್ಕ ಅವರ ಕೆಲಸದ ಜಾಗಕ್ಕೆ ಕಾಲಿಟ್ಟವಳಲ್ಲ. ಬೇರೆ ಎಲ್ಲದರಲ್ಲೂ ಹಾಲು ಸಕ್ಕರೆಯ ಹಾಗೆ ಇರುವ ಜೋಡಿ. ಈ ಒಂದು ವಿಷಯ ಬಂದರೆ ಮಾತ್ರ ಇಬ್ಬರ ಬಾಯಿಗೂ ಬೀಗ.

ನಮ್ಮ ಊರಿನ ಅಂಚಿನಲ್ಲಿ ದೊಡ್ಡಬಂಗಲೆ ಎಂಬುದೊಂದಿದೆ. ಯಾವುದೋ ಕಾಲದ ಶ್ರೀಮಂತರ ಮನೆ, ಅದರ ಸುತ್ತ ಅವರ ತೋಟ. ನಾವು ಚಿಕ್ಕವರಿದ್ದಾಗ ಅದರ ಗೇಟಿಗೆ ಸದಾ ಬೀಗ. ಒಳಗೆ ಆಳೆತ್ತರದ ಮುಳ್ಳುಗಿಡ, ಹಾವು ಇದೆ ಎಂಬ ಸುದ್ದಿ ಬೇರೆ. ಮೂರು ವರ್ಷದ ಹಿಂದೆ ಒಂದು ಟ್ರಸ್ಟಿನವರು ಅದನ್ನು ವಹಿಸಿಕೊಂಡು, ತೋಟವನ್ನು ಮೊದಲಿದ್ದ ಹಾಗೆಯೇ ಮಾಡುತ್ತೇವೆ ಎಂದು ಹೊರಟರು. ಹಳೆಯ ನಕ್ಷೆ ಹುಡುಕಿದರು, ಮಣ್ಣಿನಡಿ ಹೂತುಹೋಗಿದ್ದ ಕಲ್ಲುದಾರಿಗಳನ್ನು ಬಿಡಿಸಿದರು, ಗುಲಾಬಿ ಮಡಿಗಳನ್ನು ನಕ್ಷೆಯಲ್ಲಿದ್ದ ಜಾಗದಲ್ಲೇ ಹಾಕಿದರು. ಎಲ್ಲ ಆಯಿತು, ತೋಟದ ನಡುವಿನ ಕಾರಂಜಿಯೊಂದು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಅದಕ್ಕೆ ಯಾವ ಯಂತ್ರವೂ ಇಲ್ಲ. ಬಂಗಲೆಯ ಹಿಂದಿನ ದಿಬ್ಬದ ಮೇಲೆ ಒಂದು ಕಲ್ಲಿನ ತೊಟ್ಟಿ. ಅಲ್ಲಿಂದ ನೀರು ಇಳಿಜಾರಿನಲ್ಲಿ ತಾನಾಗಿಯೇ ಓಡಿ ಬಂದು, ಆ ರಭಸಕ್ಕೇ ಮೇಲೆ ಚಿಮ್ಮಬೇಕು. ಪೈಪು ನೆಲದಡಿ ಎಲ್ಲೆಲ್ಲಿ ಹಾದು ಬರುತ್ತದೆ ಎಂಬುದು ನಕ್ಷೆಯಲ್ಲಿರಲಿಲ್ಲ. ಬಂದ ಇಂಜಿನಿಯರುಗಳು "ಮೋಟರ್ ಕೂರಿಸೋಣ, ತಲೆನೋವು ಬೇಡ" ಎಂದರು. ತೋಟದ ಮೇಲ್ವಿಚಾರಕಿ ಒಪ್ಪಲಿಲ್ಲ. ಅವರು ನನ್ನ ಅಂಗಡಿಯ ಗಿರಾಕಿ. ರವಿಕೆಯ ಅಳತೆ ಕೊಡುತ್ತ ಈ ಗೋಳು ಹೇಳಿಕೊಂಡರು. "ನಮ್ಮ ಭಾವನ್ನ ಒಂದ್ಸಲ ಕರೆದು ತೋರಿಸಿ ಮೇಡಂ" ಎಂದೆ. ಹೀಗೆ ಈ ಕಥೆಯಲ್ಲಿ ನನ್ನದೂ ಒಂದು ಹೊಲಿಗೆ ಇದೆ.

ನಾಲ್ಕು ತಿಂಗಳು ಭಾವ ಆ ತೋಟದಲ್ಲಿ ಮಣ್ಣು ತಿಂದರು ಎಂದೇ ಹೇಳಬೇಕು. ಒಂದು ಕಬ್ಬಿಣದ ಸರಳಿನ ತುದಿಯನ್ನು ನೆಲಕ್ಕೆ ಊರಿ, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿ, ನೆಲದಡಿ ನೀರು ಒಸರುವ ಸದ್ದಿಗಾಗಿ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರಂತೆ. ಭೂಮಿ ಇವರ ಹತ್ತಿರ ಗುಟ್ಟು ಹೇಳುತ್ತಿದೆ ಎಂದು ತೋಟದ ಆಳುಗಳು ನಗುತ್ತಿದ್ದರು. ಕೊನೆಗೆ ಬೇಸಿಗೆಯಲ್ಲೂ ಹುಲ್ಲು ಹಸಿರಾಗಿರುತ್ತಿದ್ದ ಒಂದು ತುಂಡು ಜಾಗವನ್ನು ಅಗೆಸಿದರು. ಅಲ್ಲಿ ಸಿಕ್ಕಿತು ಕಲ್ಲು ಕಟ್ಟಿದ ಗುಂಡಿ, ಅದರೊಳಗೆ ತುಕ್ಕು ಹಿಡಿದ ಮೇನ್ ವಾಲ್ವ್. ಹಳೆಯ ಕಾಲದ್ದು, ಎಲ್ಲ ವಾಲ್ವ್‌ಗಳಿಗೂ ತಿರುಗುಮುರುಗು. ಬಲಕ್ಕೆ ತಿರುಗಿಸಿದರೆ ತೆರೆಯುತ್ತದೆ, ಎಡಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ತಿಳಿಯದವರು ಬಲವಂತ ಮಾಡಿದರೆ ಒಳಗಿನ ದಂಡವೇ ಮುರಿದುಹೋಗುತ್ತದೆ. ಭಾವ ಅದನ್ನು ಬಿಚ್ಚಿ, ಎಣ್ಣೆಯಲ್ಲಿ ನೆನೆಸಿ, ತಿಕ್ಕಿ, ಮತ್ತೆ ಜೋಡಿಸಿ, ಮಗುವನ್ನು ನೋಡಿಕೊಂಡ ಹಾಗೆ ನೋಡಿಕೊಂಡರು. ಪೈಪುಗಳನ್ನು ಒಂದೊಂದಾಗಿ ತೆಗೆದು, ಹಳೆಯ ಕ್ರಮದಲ್ಲೇ ನಾರು ಸುತ್ತಿ ಸೇರಿಸಿದರು.

ವಸಂತದ ಮೊದಲ ಭಾನುವಾರ ತೋಟ ಜನರಿಗೆ ತೆರೆಯುವುದೆಂದು ನಿಶ್ಚಯವಾಯಿತು. ಅದಕ್ಕೆ ಹತ್ತು ದಿನ ಮುಂಚೆ ಭಾವ ನನ್ನ ಅಂಗಡಿಗೆ ಬಂದು, ಬಾಗಿಲಲ್ಲೇ ನಿಂತು, ಚಪ್ಪಲಿಯಿಂದ ನೆಲ ಕೆರೆಯುತ್ತ, "ಒಂದು ಬಿಳೀ ಶರ್ಟು ಬೇಕಿತ್ತು" ಎಂದರು.

"ಬಿಳೀದಾ? ನಿಮಗಾ?" ನಾನು ಬಿದ್ದು ಬಿದ್ದು ನಕ್ಕೆ. "ಭಾವ, ನಿಮ್ಮ ಮೈಮೇಲೆ ಬಿಳಿ ಎಷ್ಟು ನಿಮಿಷ ಇರತ್ತೆ?"

"ಒಂದೇ ಒಂದು ದಿನ ಇದ್ರೆ ಸಾಕು, ಕತ್ತರಿ."

ಅಳತೆ ತೆಗೆಯುತ್ತಿದ್ದಾಗ ಎರಡು ದೊಡ್ಡ ಜೇಬು ಕೇಳಿದರು. ಜೇಬಿಟ್ಟರೆ ವಾಷರ್ ತುಂಬಿಸುತ್ತೀರಿ, ಒಂದು ಸಣ್ಣ ಜೇಬು ಮಾತ್ರ ಎಂದೆ. ಎಂದಿನ ಹಾಗೆ ಜಗಳಕ್ಕೆ ಬರಲಿಲ್ಲ. ತೋಳು ಚಾಚಿ ನಿಂತೇ, ಗೋಡೆಯ ಕಡೆ ನೋಡುತ್ತ ಹೇಳಿದರು:

"ಮೂವತ್ತೊಂದು ವರ್ಷ ನಿಮ್ಮಕ್ಕ ನನ್ನ ಕೆಲಸ ನೋಡಿಲ್ಲ. ನೋಡು ಅಂತ ಕರೆಯೋ ಹಾಗೂ ಇರಲಿಲ್ಲ. ಏನಂತ ಕರೀಲಿ? ಬಾ, ಮೋರಿ ನೋಡು ಅಂತಾನಾ? ಒಂದು ಸಲ ನೋಡಿದ್ಲು, ತಿರುಗಿ ಹೋದ್ಲು. ಅವಳ ತಪ್ಪೇನಿಲ್ಲ. ಈ ಸಲ ಹಾಗಲ್ಲ. ಬಿಸಿಲಲ್ಲಿ, ನಾಲ್ಕು ಜನರ ಎದುರಿಗೆ, ಬೆಳ್ಳಗೆ ಎದ್ದು ನಿಲ್ಲತ್ತೆ. ಶುದ್ಧವಾದ ಕೆಲಸ. ನಾನೂ ಶುದ್ಧವಾದ ಬಟ್ಟೆ ಹಾಕ್ಕೊಂಡು ಅವಳ ಪಕ್ಕ ನಿಂತು, ನೋಡು ಅಂತ ತೋರಿಸ್ಬೇಕು. ಅಷ್ಟೆ."

ಟೇಪು ನನ್ನ ಕೈಯಲ್ಲೇ ಉಳಿಯಿತು. ಎದೆಯ ಸುತ್ತಳತೆಯನ್ನು ಎರಡು ಸಲ ತೆಗೆದರೂ ತಪ್ಪಾಗಿ ಬರೆದುಕೊಂಡೆ. ಆ ಶರ್ಟನ್ನು ನಾನು ಬೇರೆ ಯಾರ ಬಟ್ಟೆಯನ್ನೂ ಹೊಲಿಯದಷ್ಟು ಆಸ್ಥೆಯಿಂದ ಹೊಲಿದೆ. ಮನಸ್ಸು ತಡೆಯದೆ ಎರಡು ಜೇಬನ್ನೂ ಇಟ್ಟೆ.

ಭಾನುವಾರ ಬೆಳಿಗ್ಗೆ ಭಾವ ಐದಕ್ಕೇ ಎದ್ದು ಹಳೆಯ ಬಟ್ಟೆಯಲ್ಲಿ ತೋಟಕ್ಕೆ ಹೋಗಿ, ಕಾರಂಜಿಯನ್ನು ಕಾಲು ಗಂಟೆ ಬಿಟ್ಟು ನೋಡಿ ಬಂದಿದ್ದರು. "ಚಿಮ್ತಾ?" ಎಂದು ಕೇಳಿದೆ. "ಆನೆ ಸೊಂಡಿಲು ಎತ್ತಿದ ಹಾಗೆ" ಎಂದರು. ಮುಖದಲ್ಲಿ ಅಂಥ ಕಳೆಯನ್ನು ನಾನು ಅವರ ಮದುವೆಯ ದಿನವೂ ನೋಡಿರಲಿಲ್ಲ. ಸ್ನಾನ ಮಾಡಿ, ತಲೆ ಬಾಚಿ, ಬಿಳಿಯ ಶರ್ಟು ತೊಟ್ಟು ಬಂದರು. ಅಕ್ಕ ಒಂದು ಗಳಿಗೆ ಸುಮ್ಮನೆ ನೋಡಿ, "ಯಾರಿವರು? ನಮ್ಮನೆಯವರು ಎಲ್ಲಿಗೆ ಹೋದ್ರು?" ಎಂದಳು. ಭಾವ ನಾಚಿಕೊಂಡರು. ಐವತ್ತೆಂಟರ ಗಂಡಸು ಹಾಗೆ ನಾಚಿಕೊಳ್ಳುವುದನ್ನು ನೋಡಲು ಟಿಕೆಟ್ ಇಡಬಹುದಿತ್ತು.

ಮೇಲ್ವಿಚಾರಕಿ ಭಾವನಿಗೆಂದು ಮುಂದಿನ ಸಾಲಿನಲ್ಲಿ ಕುರ್ಚಿ ಇಟ್ಟಿದ್ದರು. ಇವರು ಬೇಡವೆಂದಿದ್ದರು. ಹೆಂಡತಿಯ ಜೊತೆ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ನೋಡುವವನಾಗಿ ಹೋಗಬೇಕೆಂಬುದು ಅವರ ಆಸೆ. ನಾವು ಮೂವರೂ ಹೋದೆವು. ಗೇಟಿನ ಕಾವಲುಗಾರ ನಾಲ್ಕು ತಿಂಗಳು ಇವರ ಜೊತೆ ಚಹಾ ಕುಡಿದವನು. ಬಿಳಿಯ ಶರ್ಟಿನಲ್ಲಿ ಗುರುತೇ ಹಿಡಿಯದೆ "ಸಾಲಲ್ಲಿ ಬನ್ನಿ ಸಾರ್, ನೂಕಬೇಡಿ" ಎಂದ. ಭಾವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. 'ಸಾರ್' ಎಂದು ಕರೆಸಿಕೊಳ್ಳುವುದಕ್ಕೇ ಇನ್ನೊಮ್ಮೆ ಹೊರಗೆ ಹೋಗಿ ಬರುತ್ತಾರೇನೋ ಎಂದುಕೊಂಡೆ.

ಒಳಗೆ ಕಾಲಿಟ್ಟರೆ ನನಗೆ ಮಾತು ನಿಂತುಹೋಯಿತು. ಮಾತು ನಿಲ್ಲುವುದು ನನ್ನ ವಿಷಯದಲ್ಲಿ ಸಣ್ಣ ಸಂಗತಿಯಲ್ಲ. ನಾವು ಹೆದರಿ ಓಡುತ್ತಿದ್ದ ಆ ಮುಳ್ಳುಕಾಡು ಎಲ್ಲಿ, ಇದೆಲ್ಲಿ! ಮರಗಳೆಲ್ಲ ಹೊಸ ಚಿಗುರು ಹೊತ್ತು, ಬಿಸಿಲು ಎಲೆಗಳೊಳಗಿಂದ ಸೋಸಿ ಬಂದು ದಾರಿಯ ಮೇಲೆ ಬಿದ್ದಿತ್ತು. ಗುಲಾಬಿ ಮಡಿಗಳಲ್ಲಿ ಕೆಲವು ಅರಳಿ, ಕೆಲವು ಇನ್ನೂ ಮೊಗ್ಗು. ಕಮಾನಿನ ಮೇಲೆ ಹಬ್ಬಿದ ಬಳ್ಳಿಯಲ್ಲಿ ನೇರಳೆ ಹೂಗಳು, ಅವುಗಳ ತುಂಬ ಜೇನ್ನೊಣ. ತಗ್ಗಿನ ಬೇಲಿಗಿಡಗಳನ್ನು ಎಷ್ಟು ನೇರವಾಗಿ ಕತ್ತರಿಸಿದ್ದರೆಂದರೆ ನಾನು ಬಗ್ಗಿ ಒಂದು ಕಣ್ಣು ಮುಚ್ಚಿ ಅಂಚು ನೋಡಿದೆ. ಒಂದು ನೂಲೂ ಆಚೀಚೆ ಇರಲಿಲ್ಲ. ಯಾರೋ ನನ್ನ ಕಸುಬಿನವರೇ ಇರಬೇಕು.

ಅಕ್ಕ ಹೂ ನೋಡುತ್ತ ನಡೆದಳು. ಭಾವ ನೆಲ ನೋಡುತ್ತ ನಡೆದರು. "ಇಲ್ಲಿ, ಈ ಹುಲ್ಲಿನ ಅಡಿ, ನಾಲ್ಕಡಿ ಆಳದಲ್ಲಿ ಪೈಪು ತಿರುಗೋ ಒಂದು ಎಲ್ಬೋ ಇದೆ" ಎಂದು ನನಗೆ ಪಿಸುಗುಟ್ಟಿದರು. "ಅಕ್ಕನಿಗೆ ಹೇಳಿ" ಎಂದೆ. "ಈಗ ಬೇಡ. ಮೊದಲು ಮೇಲಿಂದು ನೋಡ್ಲಿ" ಎಂದರು.

ಹನ್ನೊಂದಕ್ಕೆ ಕಾರಂಜಿಯ ಸುತ್ತ ಜನ ಕಿಕ್ಕಿರಿದು ಸೇರಿದರು. ಮೂರು ಅಂತಸ್ತಿನ ಕಲ್ಲಿನ ಬಟ್ಟಲು, ನೆತ್ತಿಯಲ್ಲಿ ಬಾಯ್ದೆರೆದ ಕಲ್ಲಿನ ಮೀನು. ಪಕ್ಕದಲ್ಲಿ ಹಿತ್ತಾಳೆಯ ಒಂದು ಚಕ್ರ. ಅದನ್ನು ಮುಖ್ಯ ಅತಿಥಿಗಳು ತಿರುಗಿಸಬೇಕು, ನೀರು ಚಿಮ್ಮಬೇಕು. ಮೇಲ್ವಿಚಾರಕಿ ನಾಲ್ಕು ಮಾತಾಡಿದರು. ಮುಖ್ಯ ಅತಿಥಿಗಳು ನಲವತ್ತು ಮಾತಾಡಿದರು. ಭಾವ ಅಕ್ಕನನ್ನು ಒಂದು ಹೆಜ್ಜೆ ಮುಂದೆ ನಿಲ್ಲಿಸಿ, ತಾವು ಪಕ್ಕಕ್ಕೆ ಬಂದು, "ಆ ಮೀನಿನ ಬಾಯಿ ನೋಡ್ತಾ ಇರು" ಎಂದರು.

ಅತಿಥಿಗಳು ಚಕ್ರ ತಿರುಗಿಸಿದರು. ಮೀನು 'ಗ್ಲಕ್' ಎಂದು ತೇಗಿತು. ಅರ್ಧ ಲೋಟದಷ್ಟು ನೀರು ಬಾಯಿಂದ ಜೊಲ್ಲಿನ ಹಾಗೆ ಇಳಿದು ನಿಂತಿತು. ಇಷ್ಟೇ ಇರಬೇಕು ಎಂದುಕೊಂಡು ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಹಿಂದಿನವರು ಕಿಸಕ್ಕನೆ ನಕ್ಕರು. ಅತಿಥಿಗಳು ಚಕ್ರವನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಮೀನು ಇನ್ನೊಮ್ಮೆ ತೇಗಲೂ ಇಲ್ಲ. "ಮೋಟರ್ ಹಾಕ್ಸಿ ಅಂತ ಆಗ್ಲೇ ಹೇಳಿದ್ವಿ" ಎಂದು ಯಾರೋ ಮೂಗು ಮುರಿಯುವುದು ಕೇಳಿಸಿತು. ಮೇಲ್ವಿಚಾರಕಿಯ ಮುಖ ಸುಣ್ಣದ ಹಾಗೆ ಬಿಳಿಚಿತ್ತು, ಕಣ್ಣು ಜನರ ನಡುವೆ ಭಾವನನ್ನು ಹುಡುಕುತ್ತಿತ್ತು.

ನಾನು ಭಾವನ ಕಡೆ ತಿರುಗಿದೆ. ಅವರು ತಮ್ಮ ಬಲಗೈಯನ್ನು ಎತ್ತಿ ಹಿಡಿದು, ಯಾರದೋ ಕೈಯನ್ನು ನೋಡುವ ಹಾಗೆ ನೋಡುತ್ತಿದ್ದರು.

ನನಗೆ ತಕ್ಷಣ ಹೊಳೆಯಿತು. "ಭಾವ! ಬೆಳಿಗ್ಗೆ ಹೊರಡೋವಾಗ ಬಂದ್ ಮಾಡಿದ್ರಾ?"

"ಮಾಡಿದೆ" ಎಂದರು, ಉಸಿರಿಲ್ಲದ ದನಿಯಲ್ಲಿ. "ನಾನು ಮಾಡ್ಲಿಲ್ಲ ಕತ್ತರಿ, ಕೈ ಮಾಡ್ತು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಲ್ಕು ತಿಂಗಳ ಬೆವರು, ಇಡೀ ಊರಿನ ಎದುರಿಗೆ! "ಹೋಗಿ ತೆರೀರಿ ಮತ್ತೆ, ಏನು ನಿಂತಿದ್ದೀರ?" ಎಂದು ಗದರಿದೆ.

ಅವರು ಕದಲಲಿಲ್ಲ. ಶರ್ಟು ನೋಡಿಕೊಂಡರು. ಆ ಗುಂಡಿಯಲ್ಲಿ ಒಸರುವ ನೀರು ಸೇರಿ ಮೊಣಕಾಲುದ್ದ ಕೆಸರು ಇರುತ್ತದೆ, ಮುಂದಿನ ವಾರ ಜಲ್ಲಿ ತುಂಬಿಸಬೇಕೆಂದು ಹೇಳಿದ್ದು ನನಗೆ ನೆನಪಾಯಿತು. ಬೇರೆ ಯಾರನ್ನಾದರೂ ಕಳಿಸೋಣವೆಂದರೆ ಎಲ್ಲರೂ ತೆರೆಯಲು ಎಡಕ್ಕೇ ತಿರುಗಿಸುವವರು. ದಂಡ ಮುರಿದರೆ ಇವತ್ತಲ್ಲ, ಈ ವರ್ಷವೇ ನೀರಿಲ್ಲ. ಹೋಗುವುದಿದ್ದರೆ ಅವರೇ ಹೋಗಬೇಕು. ಹೋದರೆ ಮತ್ತೆ ಅದೇ ಕೆಸರು, ಅದೇ ಗುಂಡಿ, ಅದೂ ಅಕ್ಕನ ಕಣ್ಣೆದುರಿಗೆ. ಮೂವತ್ತೊಂದು ವರ್ಷ ಮುಚ್ಚಿಟ್ಟದ್ದೆಲ್ಲ ಈ ಒಂದು ದಿನವೇ ಬಯಲಿಗೆ ಬೀಳಬೇಕು.

"ನೀನು ಇವಳನ್ನ ಇಲ್ಲೇ ನಿಲ್ಲಿಸ್ಕೊಂಡಿರು" ಎಂದು ನನಗೆ ಹೇಳಿದರು. "ಹಿಂದೆ ಬರೋಕೆ ಬಿಡಬೇಡ. ಮೀನು ನೋಡ್ಲಿ."

ಅಷ್ಟು ಹೇಳಿ, ಬೇಲಿಗಿಡಗಳನ್ನು ದಾಟಿಕೊಂಡು ಓಡಿದರು. ಆ ವಯಸ್ಸಿನಲ್ಲಿ ಆ ಓಟ!

"ಎಲ್ಲಿಗೆ ಹೋದ್ರು?" ಅಕ್ಕ ಕೇಳಿದಳು.

"ಎಲ್ಲೂ ಇಲ್ಲ. ನೀನು ಮೀನು ನೋಡು."

"ಏನೇ ಮೀನು ಮೀನು ಅಂತೀಯ? ಏನಾಯ್ತು ಹೇಳು."

ನಾನು ಸುಳ್ಳು ಹೇಳುವುದರಲ್ಲಿ ಗಟ್ಟಿಗಿತ್ತಿ. ಗಿರಾಕಿಗಳಿಗೆ "ನಾಳೆ ಕೊಡ್ತೀನಿ" ಎಂದು ದಿನವೂ ಹೇಳುವವಳು. ಆದರೆ ಅಕ್ಕನ ಆ ಕಣ್ಣಿನ ಮುಂದೆ ಸುಳ್ಳಿಗೆ ಬಾಯಿ ಬರಲಿಲ್ಲ. ಎಲ್ಲ ಹೇಳಿಬಿಟ್ಟೆ. ವಾಲ್ವ್, ಕೈ, ಕೆಸರು, ಬಿಳಿಯ ಶರ್ಟು, ಶುದ್ಧವಾದ ಕೆಲಸ, ಎಲ್ಲ. "ನೀನು ಅವತ್ತು ಮೋರಿ ನೋಡಿ ತಿರುಗಿ ಬಂದ್ಯಲ್ಲ, ಅದು ಅವರ ಮನಸ್ಸಲ್ಲಿ ಇನ್ನೂ ಇದೆ" ಎಂದೂ ಹೇಳಿದೆ. ಬಾಯಿ ತೆರೆದರೆ ನನಗೆ ಮುಚ್ಚಲು ಬರುವುದಿಲ್ಲ.

ಅಕ್ಕ ನನ್ನನ್ನು ನೋಡಿದಳು. ಆಮೇಲೆ ಹಿಂತಿರುಗಿ ಜನರನ್ನು ಸರಿಸಿಕೊಂಡು ಭಾವ ಹೋದ ದಿಕ್ಕಿಗೆ ನಡೆದಳು. ನಾನು ಅವಳ ತೋಳು ಹಿಡಿದೆ, ಕೊಡವಿಬಿಟ್ಟಳು. ನನಗಿಂತ ಎಂಟು ವರ್ಷ ದೊಡ್ಡವಳು, ಆದರೂ ಅವಳ ಹಿಂದೆ ನಾನು ಓಡಬೇಕಾಯಿತು.

ಬಂಗಲೆಯ ಹಿಂಭಾಗದಲ್ಲಿ ಗುಂಡಿಯ ಕಬ್ಬಿಣದ ಮುಚ್ಚಳ ತೆರೆದು ಬಿದ್ದಿತ್ತು. ಬಗ್ಗಿ ನೋಡಿದೆವು. ಭಾವ ಮೊಣಕಾಲಿನ ತನಕ ಕೆಸರಿನಲ್ಲಿ ನಿಂತು, ಎರಡು ಕೈಯಲ್ಲೂ ವಾಲ್ವಿನ ಹಿಡಿಯನ್ನು ಹಿಡಿದು, ಹಲ್ಲು ಕಚ್ಚಿ ಬಲಕ್ಕೆ ತಿರುಗಿಸುತ್ತಿದ್ದರು. ನಾನು ಹೊಲಿದ ಶರ್ಟಿನ ಬಗ್ಗೆ ಏನೂ ಹೇಳದಿರುವುದೇ ಒಳ್ಳೆಯದು. ನೆರಳು ಬಿದ್ದದ್ದಕ್ಕೆ ತಲೆಯೆತ್ತಿದರು. ಅಕ್ಕನನ್ನು ನೋಡಿದ್ದೇ ಕೈ ನಿಂತುಹೋಯಿತು.

"ಯಾಕೆ ಬಂದೆ?" ಎಂದರು. "ಹೋಗು, ಇಲ್ಲಿ ನೋಡೋಂಥದ್ದು ಏನಿಲ್ಲ. ಮೇಲೆ ನೋಡು ಹೋಗು."

"ನೀವು ಸುಮ್ನಿರಿ" ಎಂದಳು ಅಕ್ಕ. ಚಪ್ಪಲಿ ಬಿಟ್ಟಳು, ಬಟ್ಟೆ ಎತ್ತಿ ಸಿಕ್ಕಿಸಿಕೊಂಡಳು, ಗೋಡೆಗೆ ಹಾಕಿದ್ದ ಕಬ್ಬಿಣದ ಮೆಟ್ಟಿಲು ಹಿಡಿದು ಇಳಿಯತೊಡಗಿದಳು. ಭಾವ "ಬೇಡ, ಬೇಡ" ಎನ್ನುತ್ತ ಒಂದು ಕೈಯಲ್ಲಿ ವಾಲ್ವ್ ಬಿಡಲಾರದೆ ಇನ್ನೊಂದು ಕೈಯಲ್ಲಿ ಅವಳನ್ನು ಹಿಡಿದುಕೊಂಡರು. ಕೆಸರಲ್ಲಿ ಕಾಲಿಟ್ಟು, ನೆಟ್ಟಗೆ ನಿಂತು, ಅವಳು ಗಂಡನ ಮುಖ ನೋಡಿದಳು.

"ಅವತ್ತು ನನಗೆ ಅಸಹ್ಯ ಆಯ್ತು ಅಂದ್ಕೊಂಡ್ರಾ ನೀವು?"

ಭಾವ ವಾಲ್ವಿನ ಕಡೆಗೆ ಮುಖ ತಿರುಗಿಸಿದರು.

"ನಾನು ಬಂದಾಗ ನಿಮ್ಮ ಮುಖ ಹೇಗಾಯ್ತು ಅಂತ ನಿಮಗೇನು ಗೊತ್ತು? ಕದ್ದು ಸಿಕ್ಕಿಬಿದ್ದವರ ಹಾಗೆ ಮುದುಡಿಹೋದ್ರಿ. ನಾನು ನಿಂತ್ರೆ ಇವರಿಗೆ ಅವಮಾನ ಆಗತ್ತೆ ಅಂತ ತಿರುಗಿ ಬಂದೆ. ಇನ್ಯಾವತ್ತೂ ಇವರಿಗೆ ಹಾಗಾಗಬಾರದು ಅಂತ ಆ ಕಡೆ ಬರೋದೇ ಬಿಟ್ಟೆ. ಒಂದು ಸಲ, ಒಂದೇ ಒಂದು ಸಲ ನೀವು ಬಾ ಅಂದಿದ್ರೆ ಬರ್ತಿದ್ದೆ. ಮೂವತ್ತೊಂದು ವರ್ಷ ಕಾದೆ ನಾನು, ನೀವು ಕರೀಲಿ ಅಂತ!"

ಮೇಲೆ ಕೂತಿದ್ದ ನನಗೆ ಕಣ್ಣು ತುಂಬಿಬಂತು. ಇಬ್ಬರ ಮೇಲೂ ಕೆಂಡದಂಥ ಕೋಪವೂ ಬಂತು. ಒಂದೇ ಮನೆಯಲ್ಲಿ, ಒಂದೇ ಒಲೆಯ ಅನ್ನ ಉಂಡುಕೊಂಡು, ಒಬ್ಬರಿಗೊಬ್ಬರು ನೋವಾಗದಿರಲಿ ಎಂದು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತ ದಡ್ಡರು. ನಾನಾಗಿದ್ದರೆ ಅವತ್ತೇ ಸಂಜೆ ಬೈದು, ಬೈಸಿಕೊಂಡು, ಮುಗಿಸಿರುತ್ತಿದ್ದೆ.

ಭಾವ ಅಳುತ್ತಿದ್ದರೋ ನಗುತ್ತಿದ್ದರೋ ಮೇಲಿನಿಂದ ಕಾಣಲಿಲ್ಲ. "ಎಲ್ಲರೂ ಕಾಯ್ತಿದ್ದಾರೆ, ಮೊದಲು ನೀರು ಬಿಡಿ" ಎಂದಳು ಅಕ್ಕ. "ಯಾವ ಕಡೆ ತಿರುಗಿಸಬೇಕು?"

"ಬಲಕ್ಕೆ" ಎಂದರು ಭಾವ. ಅವಳೂ ಕೈ ಹಾಕಿದಳು. ನಾಲ್ಕು ಕೈ ಸೇರಿ ಎರಡು ಸುತ್ತು ತಿರುಗಿದಾಗ ಪೈಪಿನೊಳಗೆ ಗುಡುಗುಡು ಎಂದು ಸದ್ದು ಎದ್ದಿತು. ಅಕ್ಕ ಬೆಚ್ಚಿ ಪೈಪಿನ ಮೇಲೆ ಅಂಗೈ ಇಟ್ಟಳು. "ಅಯ್ಯೋ, ನಡುಗ್ತಾ ಇದೆ!"

"ನೀರು ಹೊರಡ್ತು. ಈಗ ಎಲ್ಬೋ ದಾಟ್ತು ನೋಡು. ಈಗ ಕಮಾನಿನ ಕೆಳಗೆ. ಈಗ…"

ಅವರು ಮಾತು ಮುಗಿಸುವ ಮೊದಲೇ ಮುಂದಿನ ತೋಟದಿಂದ 'ಹೋ' ಎಂದು ನೂರಾರು ಜನರ ಕೂಗು ಕೇಳಿತು. ಎದ್ದು ನಿಂತು ನೋಡಿದೆ. ಬೇಲಿಗಿಡಗಳ ಮೇಲೆ, ಮರಗಳ ಚಿಗುರಿನ ಎತ್ತರಕ್ಕೆ, ಬೆಳ್ಳಗೆ ನೀರು ಎದ್ದು ನಿಂತಿತ್ತು. ಬಿಸಿಲಲ್ಲಿ ಅದರ ತುದಿ ಚೂರುಚೂರಾಗಿ ಹೊಳೆಯುತ್ತಿತ್ತು. ಅಷ್ಟು ಚೆಂದದ್ದನ್ನು ನಾನು ನೋಡಿರಲಿಲ್ಲ. "ಭಾವ! ಅಕ್ಕ! ಬನ್ನಿ, ಬೇಗ ಬನ್ನಿ!" ಎಂದು ಕಿರುಚಿದೆ.

"ಹೋಗು, ನೋಡು ಹೋಗು" ಎಂದರು ಭಾವ ಅಕ್ಕನಿಗೆ.

"ನೋಡೋಣ, ಅದೆಲ್ಲಿ ಹೋಗತ್ತೆ" ಎಂದಳು ಅಕ್ಕ. "ಮೊದಲು ಇದನ್ನ ಹೇಳಿ. ಈ ಜಾಯಿಂಟು ನೀವೇ ಹಾಕಿದ್ದಾ? ಈ ದಾರ ಸುತ್ತಿರೋದು ಯಾಕೆ? ಇದು ಎಲ್ಲಿಗೆ ಹೋಗತ್ತೆ?"

ಭಾವ ಗಂಟಲು ಸರಿಪಡಿಸಿಕೊಂಡು ಶುರು ಮಾಡಿದರು. "ಇದು ದಾರ ಅಲ್ಲ ಕಣೆ, ನಾರು. ಇಲ್ಲಿ ಬಾ, ಈ ಕಡೆ ಬಗ್ಗಿ ನೋಡು…"

ಮೇಲ್ವಿಚಾರಕಿ ಏದುಸಿರು ಬಿಡುತ್ತ ಓಡಿಬಂದರು. ಮುಖ ಅರಳಿತ್ತು. "ಎಲ್ಲಿ ನಿಮ್ಮ ಭಾವ? ಅತಿಥಿಗಳು ಶಾಲು ಹಿಡ್ಕೊಂಡು ನಿಂತಿದ್ದಾರೆ, ಜನ ಎಲ್ಲ ಕೇಳ್ತಿದ್ದಾರೆ, ಬೇಗ ಕಳಿಸಿ!"

ನಾನು ಗುಂಡಿಯ ಬಾಯಿಗೆ ಅಡ್ಡವಾಗಿ ನಿಂತೆ.

"ಸ್ವಲ್ಪ ಕಾಯೋಕೆ ಹೇಳಿ ಮೇಡಂ" ಎಂದೆ. "ಹೆಂಡತಿಗೆ ಕೆಲಸ ತೋರಿಸ್ತಾ ಇದ್ದಾರೆ."